ಕುದುರೆಯ ಗತಿಭೇದಗಳೂ ಅವುಗಳ ಪರಿವರ್ತನೆಯೂ

ಕುದುರೆ ಓಡುವದನ್ನು ನೋಡದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಮದುವೆಯ ಮೆರವಣಿಗೆಯಲ್ಲಿ ನೋಡಿರುತ್ತೇವೆ. ಬೆಳಗಾವಿ, ಬಾಗಲಕೋಟೆಗಳ ಕಡೆಯ ಕುದುರೆಗಾಡಿಯ ಶರ್ಯತ್ತುಗಳಲ್ಲಿ ನೋಡಿರುತ್ತೇವೆ. ಮೈಸೂರಿನ ದಸರೆಯಲ್ಲಿ ಅಶ್ವಾರೋಹಿ ಪೋಲೀಸರ ಸಾಲನ್ನು ಕಂಡು ಹಿಗ್ಗಿರುತ್ತೇವೆ. ಆದರೆ ಕುದುರೆಯು ನಡಿಗೆಯನ್ನು ಬಿಟ್ಟು ಓಟಕ್ಕೆ ತೊಡಗುವ ಕ್ಷಣವನ್ನೂ ಓಟವನ್ನು ಬಿಟ್ಟು ಮರಳಿ ನಡಿಗೆಗೆ ಇಳಿಯುವ ಕ್ಷಣವನ್ನೂ ಕಣ್ಣಿಟ್ಟು ನೋಡಿದವರು ವಿರಳ. ಸವಾರಿಯ ವಿದ್ಯೆಯ ಮರ್ಮವೆಲ್ಲ ಅಡಗಿರುವದು ಈ ಕ್ಷಣದಲ್ಲಿಯೇ. ನೆಟ್ಟಗೆ ಓಡುವ ಕುದುರೆಯ ಬೆನ್ನ ಮೇಲೆ ಯಾರೂ ಕೂಡ್ರಬಹುದು. ಗತಿ ಬದಲಾಗುವಾಗ ಮಾತ್ರ ಸವಾರನು ಕಲಿತವನೋ ಕಲಿಯದವನೋ ಎಂಬುದು ಬಯಲಾಗುತ್ತದೆ. ಪ್ರಸ್ತುತ ಲೇಖನದಲ್ಲಿ ಈ ಗತಿಪರಿವರ್ತನೆಯ ಸ್ವರೂಪವನ್ನೂ ಅದನ್ನು ಸುಧಾರಿಸುವ ಬಗೆಯನ್ನೂ ಕ್ರಮವಾಗಿ ವಿಚಾರಿಸೋಣ.

ವಿದ್ಯೆಯ ಹಿನ್ನೆಲೆ

ಪಾಶ್ಚಾತ್ಯರು ಈ ವಿದ್ಯೆಯನ್ನು ‘ಡ್ರೆಸಾಜ್’ ಎಂದು ಕರೆಯುತ್ತಾರೆ. ಇದು ಫ್ರೆಂಚ್ ಭಾಷೆಯ ಮಾತು. ‘ಪಳಗಿಸುವದು, ತರಬೇತಿ ಕೊಡುವದು’ ಎಂದು ಇದರರ್ಥ. ಹೆಸರು ಪರದೇಶದ್ದಾದರೂ ವಿದ್ಯೆಯು ನಮಗೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು ೧೧೨೬ರಿಂದ ೧೧೩೮ರವರೆಗೆ ಆಳಿದನು. ಅವನ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ‘ವಾಜಿವಾಹ್ಯಾಲಿ ವಿನೋದ’ವೆಂಬ ಒಂದು ಪ್ರಕರಣವೇ ಇದೆ. ಕುದುರೆಯ ಸವಾರಿ, ಕುದುರೆಯ ಮೇಲೆ ಕುಳಿತು ಆಡುವ ಚೆಂಡಿನ ಆಟ ಮುಂತಾದವು ಅಲ್ಲಿ ಅರಸನ ವಿನೋದಗಳಾಗಿ ನಿರೂಪಿತವಾಗಿವೆ. ನಮ್ಮ ಶಾಸನಗಳಲ್ಲಿ ಮೇಲಿಂದ ಮೇಲೆ ಬರುವ ‘ಸಾಹಣಿ’ ಎಂಬ ಪದವಿಯು ಕುದುರೆಯ ಲಾಯಕ್ಕೂ ದಳಕ್ಕೂ ಸಂಬಂಧಪಟ್ಟ ಅಧಿಕಾರಿಯದು. ಅಮರಕೋಶವು ಕುದುರೆಯ ಗತಿಗಳಿಗೆ ‘ಧಾರೆ’ ಎಂಬ ಹೆಸರಿಟ್ಟು, ಧೌರಿತಕ, ವಲ್ಗಿತ, ಪ್ಲುತ, ರೇಚಿತ, ಆಸ್ಕಂದಿತಗಳೆಂದು ಐದು ಬಗೆಗಳನ್ನು ಹೇಳುತ್ತದೆ. ನೀರಿನ ಧಾರೆಯಂತೆ ಒಂದು ಗತಿಯಿಂದ ಇನ್ನೊಂದು ಗತಿಯು ಎಲ್ಲಿಯೂ ಕಡಿಯದೆ ಹರಿಯಬೇಕೆಂದು ನಾವು ಈ ಹೆಸರಿಗೆ ಅರ್ಥಮಾಡಿಕೊಂಡರೆ, ನಮ್ಮ ಇಂದಿನ ವಿಷಯಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ.

ಇನ್ನೂ ಹಿಂದಕ್ಕೆ ಹೋದರೆ, ಇಂದಿನ ತುರ್ಕಸ್ಥಾನದಲ್ಲಿದ್ದ ಹಟ್ಟುಶಾ ಎಂಬ ಪ್ರಾಚೀನ ರಾಜಧಾನಿಯ ಅವಶೇಷಗಳಲ್ಲಿ ಕಿಕ್ಕುಲಿ ಎಂಬ ಅಶ್ವಶಿಕ್ಷಕನು ಹೇಳಿದ ತರಬೇತಿಯ ಕ್ರಮವು ಜೇಡಿಮಣ್ಣಿನ ಫಲಕಗಳ ಮೇಲೆ ದೊರೆತಿದೆ. ಇವು ಕ್ರಿಸ್ತಪೂರ್ವ ೧೪ನೆಯ ಶತಮಾನದ ಸುಮಾರಿನವು. ಕುದುರೆಯನ್ನು ಎಷ್ಟು ಸುತ್ತು ತಿರುಗಿಸಬೇಕೆಂದು ಹೇಳುವಲ್ಲಿ ಅವನು ಬಳಸಿದ ‘ಐಕ’, ‘ಪಂಜ’, ‘ಸತ್ತ’, ‘ವರ್ತನ್ನ’ ಎಂಬ ಮಾತುಗಳು ಸಂಸ್ಕೃತದ ಏಕ, ಪಂಚ, ಸಪ್ತ, ವರ್ತನಗಳಿಗೆ ತೀರ ಹತ್ತಿರದವು. ಕ್ರಿಸ್ತಪೂರ್ವ ೪ನೆಯ ಶತಮಾನದಲ್ಲಿ ಗ್ರೀಕ ಲೇಖಕನಾದ ಝೆನೊಫನ್ನನು ಸವಾರಿಯ ಬಗ್ಗೆಯೇ ಒಂದು ಪ್ರಬಂಧವನ್ನು ಬರೆದನು. ಒತ್ತಾಯದಿಂದ ಮಾಡಿಸಿದ ಕೆಲಸವನ್ನು ಕುದುರೆಯು ತಿಳಿದು ಮಾಡುವದಿಲ್ಲ, ಅದರಲ್ಲಿ ಚೆಲುವೂ ಇರುವದಿಲ್ಲ ಎಂಬುದು ಅವನ ಅಭಿಪ್ರಾಯದ ಸಾರ. ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷಗಳು ಕಳೆದರೂ ಈ ಅಭಿಪ್ರಾಯವು ಹಳತಾಗಿಲ್ಲ.

ನಮ್ಮ ನಾಡಿನ ಸವಾರರೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದವರಲ್ಲ. ಒಂದನೆಯ ಮಹಾಯುದ್ಧದಲ್ಲಿ, ೧೯೧೮ನೆಯ ಸಪ್ಟೆಂಬರ ೨೩ರಂದು, ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್ಸ್ ದಳಗಳು ಹೈಫಾ ಪಟ್ಟಣವನ್ನು ಗೆದ್ದವು. ಕಾರ್ಮೆಲ್ ಬೆಟ್ಟದ ಇಳಿಜಾರನ್ನೇರಿ ಶತ್ರುಗಳ ತೋಪುಗಳ ಮೇಲೆ ಬಿದ್ದವರಲ್ಲಿ ಮೈಸೂರಿನ ಸವಾರರಿದ್ದರು. ಕಲ್ಲುಮುಳ್ಳಿನ ಏರಿನಲ್ಲಿ ನಡಿಗೆಯಿಂದ ಓಟಕ್ಕೆ, ಓಟದಿಂದ ನಡಿಗೆಗೆ ಕ್ಷಣಮಾತ್ರದಲ್ಲಿ ಬದಲಾಗಬಲ್ಲ ಕುದುರೆಯಿಲ್ಲದೆ ಅಂಥ ಕೆಲಸವು ಸಾಗುವಂತಿಲ್ಲ. ಇಂದು ರಣರಂಗದಲ್ಲಿ ಕುದುರೆಗೆ ಸ್ಥಾನವಿಲ್ಲ, ಕ್ರೀಡಾಂಗಣದಲ್ಲಿ ಉಂಟು. ಬೆಂಗಳೂರಿನಲ್ಲಿ ಹುಟ್ಟಿದ ಫವಾದ್ ಮಿರ್ಜಾ ಅವರು ೨೦೧೮ರ ಜಕಾರ್ತಾ ಏಶಿಯನ್ ಕ್ರೀಡೆಗಳಲ್ಲಿ ವೈಯಕ್ತಿಕ ಬೆಳ್ಳಿಯ ಪದಕವನ್ನು ಪಡೆದರು. ೨೦೨೧ರಲ್ಲಿ ಜರುಗಿದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ‘ಸೆನ್ಯೋರ್ ಮೆಡಿಕಾಟ್’ ಎಂಬ ತಮ್ಮ ಕುದುರೆಯೊಡನೆ ೨೩ನೆಯ ಸ್ಥಾನವನ್ನು ಪಡೆದರು. ಅವರ ಸ್ಪರ್ಧೆಯ ಹೆಸರು ಈವೆಂಟಿಂಗ್. ಅದರ ಮೂರು ಅಂಗಗಳಲ್ಲಿ ಮೊದಲನೆಯದೇ ಡ್ರೆಸಾಜ್. ೨೦೨೩ರಲ್ಲಿ ಹಾಂಗ್‌ಝೌ ಏಶಿಯನ್ ಕ್ರೀಡೆಗಳಲ್ಲಿ ಅನುಷ್ ಅಗರ್ವಾಲ್ಲಾ, ಹೃದಯ್ ಛೇಡಾ, ದಿವ್ಯಕೃತಿ ಸಿಂಗ್, ಸುದೀಪ್ತಿ ಹಜೇಲಾ ಈ ನಾಲ್ವರ ಭಾರತೀಯ ತಂಡವು ಡ್ರೆಸಾಜಿನಲ್ಲಿ ಸುವರ್ಣಪದಕವನ್ನು ಗೆದ್ದಿತು. ಅಶ್ವಾರೋಹಣದಲ್ಲಿ ಏಶಿಯನ್ ಸುವರ್ಣವು ನಮಗೆ ದೊರೆತದ್ದು ೧೯೮೨ರ ತರುವಾಯ ಅದೇ ಮೊದಲು.

ನಾಲ್ಕು ಗತಿಗಳು

ಪರಿವರ್ತನೆಯನ್ನು ತಿಳಿಯುವ ಮೊದಲು ಗತಿಗಳನ್ನು ತಿಳಿಯಬೇಕು. ಮೊದಲನೆಯದು ನಡಿಗೆ. ಇದರಲ್ಲಿ ನಾಲ್ಕು ಕಾಲುಗಳೂ ಬೇರೆಬೇರೆಯಾಗಿ ನೆಲವನ್ನು ಮುಟ್ಟುತ್ತವೆ: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಕಿವಿಗೊಟ್ಟು ಕೇಳಿದರೆ ನಾಲ್ಕು ಸಮನಾದ ಪೆಟ್ಟುಗಳು ಕೇಳುತ್ತವೆ. ವೇಗವು ತಾಸಿಗೆ ಸುಮಾರು ೬ ಕಿಲೋಮೀಟರ.

ಎರಡನೆಯದು ಕುಕ್ಕುಲೋಟ, ಸವಾರರು ಇದಕ್ಕೆ ಟ್ರಾಟ್ ಎನ್ನುತ್ತಾರೆ. ಇಲ್ಲಿ ಒಂದು ಹಿಂಗಾಲೂ ಅದರ ಎದುರು ಮೂಲೆಯ ಮುಂಗಾಲೂ ಜೋಡಿಯಾಗಿ ಏಳುತ್ತವೆ, ಜೋಡಿಯಾಗಿ ಬೀಳುತ್ತವೆ. ಎರಡು ಜೋಡಿಗಳ ನಡುವೆ ಕುದುರೆಯು ಒಂದು ಕ್ಷಣ ಗಾಳಿಯಲ್ಲಿ ಇರುತ್ತದೆ. ಆದ್ದರಿಂದ ಎರಡೇ ಪೆಟ್ಟುಗಳು. ಹುಬ್ಬಳ್ಳಿ-ಧಾರವಾಡಗಳಲ್ಲಿ ಟಾಂಗಾಗಳು ಬಳಕೆಯಲ್ಲಿದ್ದ ಕಾಲದಲ್ಲಿ ಬೀದಿಯಲ್ಲಿ ಕೇಳುತ್ತಿದ್ದ ‘ಟಕ್-ಟಕ್’ ಸಪ್ಪಳವು ಈ ಗತಿಯದೇ. ಟಾಂಗಾದ ಕುದುರೆಗೆ ಇದು ಸಹಜವಾದ ಗತಿ. ಯಾಕೆಂದರೆ ನಡಿಗೆಯಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ, ಅಂದರೆ ಸುಮಾರು ೨೦ ಕಿಲೋಮೀಟರ ದಾರಿಗೆ, ಮೂರು ತಾಸಿಗೂ ಮಿಕ್ಕಿ ಬೇಕು. ತಾಸಿಗೆ ೧೩ ಕಿಲೋಮೀಟರ ವೇಗದ ಕುಕ್ಕುಲೋಟದಲ್ಲಿ ಒಂದೂವರೆ ತಾಸು ಸಾಕು.

ಮೂರನೆಯದು ಕ್ಯಾಂಟರ್, ಅಂದರೆ ಹತೋಟಿಯಲ್ಲಿರುವ ನೆಗೆತದ ಓಟ. ಇದರಲ್ಲಿ ಮೂರು ಪೆಟ್ಟುಗಳು. ಬಲಗಡೆಯ ಕ್ಯಾಂಟರಿನಲ್ಲಿ ಮೊದಲು ಎಡ ಹಿಂಗಾಲು ನೆಲ ಮುಟ್ಟುತ್ತದೆ. ತರುವಾಯ ಬಲ ಹಿಂಗಾಲೂ ಎಡ ಮುಂಗಾಲೂ ಒಮ್ಮೆಗೇ ಮುಟ್ಟುತ್ತವೆ. ಕೊನೆಗೆ ಬಲ ಮುಂಗಾಲು. ಆಮೇಲೆ ಒಂದು ಕ್ಷಣದ ತೇಲುವಿಕೆ. ಕೊನೆಗೆ ಮುಂದೆ ಚಾಚುವ ಈ ಮುಂಗಾಲನ್ನು ‘ಮುಂದಾಳುಗಾಲು’ ಎನ್ನಬಹುದು. ಬಲಕ್ಕೆ ತಿರುಗುವಾಗ ಬಲಗಾಲೂ ಎಡಕ್ಕೆ ತಿರುಗುವಾಗ ಎಡಗಾಲೂ ಮುಂದಾಳಾಗಿರಬೇಕು. ಇಲ್ಲವಾದರೆ ಕುದುರೆಯ ಸಮತೋಲವು ಕೆಡುತ್ತದೆ. ನಾಲ್ಕನೆಯದು ನಾಗಾಲೋಟ, ಪೂರ್ಣ ವೇಗದ ಓಟ. ಕ್ಯಾಂಟರಿನ ಜೋಡಿಯು ಇಲ್ಲಿ ಒಡೆದು ಮತ್ತೆ ನಾಲ್ಕು ಪೆಟ್ಟುಗಳಾಗುತ್ತವೆ. ಓಡುವ ಕುದುರೆಯ ನಾಲ್ಕೂ ಕಾಲುಗಳು ಮುಂದಕ್ಕೂ ಹಿಂದಕ್ಕೂ ಚಾಚಿ ಗಾಳಿಯಲ್ಲಿರುತ್ತವೆಂದು ಚಿತ್ರಕಾರರು ಬಹುಕಾಲ ಚಿತ್ರಿಸುತ್ತ ಬಂದಿದ್ದರು. ೧೮೭೮ರಲ್ಲಿ ಅಮೇರಿಕೆಯಲ್ಲಿ ಮೈಬ್ರಿಜ್ ಎಂಬವನು ಸಾಲಾಗಿ ಕ್ಯಾಮೆರಾಗಳನ್ನಿಟ್ಟು ತೆಗೆದ ಛಾಯಾಚಿತ್ರಗಳಿಂದ, ಕಾಲುಗಳು ಹೊಟ್ಟೆಯ ಕೆಳಗೆ ಮಡಿಚಿಕೊಂಡಾಗಲೇ ಕುದುರೆಯು ಗಾಳಿಯಲ್ಲಿರುತ್ತದೆಂಬ ಸತ್ಯವು ಹೊರಬಿದ್ದಿತು. ಕಣ್ಣಿಗೆ ನಿಲುಕದ್ದು ಇಷ್ಟಿರುವಾಗ, ಸವಾರನು ಗತಿಯನ್ನು ಕಣ್ಣಿನಿಂದಲ್ಲ, ತನ್ನ ಆಸನದಿಂದ ಅರಿಯಬೇಕೆಂದು ಗುರುಗಳು ಹೇಳುವದು ಯಥಾರ್ಥವಾಗಿದೆ.

ಕುದುರೆಯು ತಾನಾಗಿ ಗತಿಯನ್ನು ಏಕೆ ಬದಲಿಸುತ್ತದೆ?

ಬೆನ್ನ ಮೇಲೆ ಯಾರೂ ಇಲ್ಲದಾಗಲೂ ಕುದುರೆಯು ಗತಿಯನ್ನು ಬದಲಿಸುತ್ತದೆಯಷ್ಟೆ. ಅದರ ಕಾರಣವೇನು? ೧೯೮೧ರಲ್ಲಿ ಹಾಯ್ಟ್ ಮತ್ತು ಟೇಲರ್ ಎಂಬ ವಿಜ್ಞಾನಿಗಳು ಚಿಕ್ಕ ಕುದುರೆಗಳನ್ನು ಚಲಿಸುವ ಪಟ್ಟಿಯ ಮೇಲೆ ಓಡಿಸಿ, ಅವು ಬಳಸುವ ಆಮ್ಲಜನಕವನ್ನು ಅಳೆದರು. ಪ್ರತಿಯೊಂದು ಗತಿಗೂ ತನ್ನದೇ ಆದ ಒಂದು ಮಿತವ್ಯಯದ ವೇಗವಿದೆಯೆಂದು ಅವರು ಕಂಡುಕೊಂಡರು. ನಡಿಗೆಯನ್ನೇ ಹಿಡಿದು ಬಹಳ ವೇಗವಾಗಿ ಹೋಗಬೇಕಾದರೆ ಕುಕ್ಕುಲೋಟಕ್ಕಿಂತ ಹೆಚ್ಚು ಶಕ್ತಿಯು ವ್ಯಯವಾಗುತ್ತದೆ. ಕುಕ್ಕುಲೋಟವನ್ನು ತೀರ ನಿಧಾನ ಮಾಡಿದರೂ ಹಾಗೆಯೇ. ಇಷ್ಟಬಂದಂತೆ ಬಿಟ್ಟಾಗ ಕುದುರೆಯು ಆಯಾ ಗತಿಯ ಮಿತವ್ಯಯದ ವೇಗದ ಸುತ್ತಮುತ್ತಲೇ ಇರುತ್ತದೆ. ೧೯೯೧ರಲ್ಲಿ ಫಾರ್ಲೆ ಮತ್ತು ಟೇಲರ್ ಇನ್ನೊಂದು ಸಂಗತಿಯನ್ನು ತೋರಿಸಿದರು. ಬೆನ್ನ ಮೇಲೆ ಭಾರ ಹೊರಿಸಿದಾಗ ಕುದುರೆಯು ಇನ್ನೂ ಕಡಿಮೆ ವೇಗದಲ್ಲಿಯೇ ಕುಕ್ಕುಲೋಟವನ್ನು ಬಿಟ್ಟು ಮುಂದಿನ ಗತಿಗೆ ದಾಟುತ್ತದೆ. ಕಾಲಿನ ಎಲುಬು, ಸ್ನಾಯುಗಳ ಮೇಲೆ ಬೀಳುವ ಬಲವು ಒಂದು ಮಿತಿಯನ್ನು ಮುಟ್ಟಿದೊಡನೆ ಅದು ಗತಿಯನ್ನು ಬದಲಿಸಿ ತನ್ನ ದೇಹವನ್ನು ರಕ್ಷಿಸಿಕೊಳ್ಳುತ್ತದೆಂದು ಇದರಿಂದ ತಿಳಿಯುತ್ತದೆ.

ಇದರಿಂದ ಸವಾರನಿಗೆ ದೊರೆಯುವ ಪಾಠವೇನು? ನಾವು ಕೇಳುವ ಪರಿವರ್ತನೆಯು ಕುದುರೆಯ ಸಹಜ ಪರಿವರ್ತನೆಯಲ್ಲ. ಅದು ತನ್ನಷ್ಟಕ್ಕೆ ವೇಗವನ್ನು ಹೆಚ್ಚಿಸುತ್ತ ಹೋಗಿ, ಸಾಕಾದಾಗ ಗತಿಯನ್ನು ಬದಲಿಸುತ್ತದೆ. ನಾವಾದರೋ ವೇಗವನ್ನು ಹೆಚ್ಚಿಸದೆಯೇ, ನಾವು ಹೇಳಿದ ಜಾಗದಲ್ಲಿಯೇ ಬದಲಿಸು ಎನ್ನುತ್ತೇವೆ. ಹಾಗೆ ಮಾಡಲು ಕುದುರೆಯು ಹಿಂಗಾಲುಗಳನ್ನು ಹೊಟ್ಟೆಯ ಕೆಳಗೆ ತಂದು, ಭಾರವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಅದು ಶಕ್ತಿಯ ಕೆಲಸ. ತಿಂಗಳುಗಟ್ಟಲೆ ಬೆಳೆಸಿದ ಸ್ನಾಯುಬಲವಿಲ್ಲದೆ ಅದು ಆಗದು. ಆದ್ದರಿಂದ ಆಗದ ಕುದುರೆಯನ್ನು ‘ಹಟಮಾರಿ’ ಎಂದು ಬೈದು ಹೊಡೆಯುವದು ಅನ್ಯಾಯವಷ್ಟೇ ಅಲ್ಲ, ಅಜ್ಞಾನವೂ ಹೌದು.

ಸವಾರನ ಭಾಷೆ

ಸವಾರನು ಕುದುರೆಯೊಡನೆ ಮಾತಾಡುವದು ಮೂರು ಅಂಗಗಳಿಂದ: ಆಸನ, ಕಾಲು, ಕೈ. ಇವುಗಳ ಮಹತ್ವವೂ ಇದೇ ಅನುಕ್ರಮದಲ್ಲಿರುತ್ತದೆ. ಕಲಿಯದವನು ಇದನ್ನು ತಲೆಕೆಳಗು ಮಾಡಿ, ಎಲ್ಲವನ್ನೂ ಕೈಯಿಂದಲೇ ಸಾಧಿಸಹೋಗುತ್ತಾನೆ. ಇದರ ಪರಿಣಾಮವು ಎಲ್ಲಿಗೆ ಮುಟ್ಟುತ್ತದೆಂಬುದನ್ನು ತಿಳಿಯಲು ಕುದುರೆಯ ಬಾಯಿಯ ರಚನೆಯನ್ನು ನೋಡಬೇಕು. ಅದರ ಕೆಳದವಡೆಯಲ್ಲಿ ಮುಂಭಾಗದ ಹಲ್ಲುಗಳಿಗೂ ಒಳಗಿನ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಂದು ತೆರಪು ಇದೆ. ಕಡಿವಾಣದ ಕಬ್ಬಿಣವು ನಾಲಿಗೆಯ ಮೇಲೂ ಈ ತೆರಪಿನ ಮೇಲೂ ಕೂಡ್ರುತ್ತದೆ. ಇಲ್ಲಿ ಎಲುಬಿನ ಮೇಲೆ ಇರುವದು ತೆಳುವಾದ ತೊಗಲು ಮಾತ್ರ. ಲಗಾಮನ್ನು ಜಗ್ಗಿದಾಗ ಕಬ್ಬಿಣವು ಎಲುಬನ್ನೇ ಒತ್ತುತ್ತದೆ. ದಿನಾಲು ಹೀಗೆ ಜಗ್ಗಿಸಿಕೊಂಡ ಕುದುರೆಯು ನೋವನ್ನು ತಪ್ಪಿಸಿಕೊಳ್ಳಲು ತಲೆ ಎತ್ತುತ್ತದೆ, ಬಾಯಿ ತೆರೆಯುತ್ತದೆ. ಕೊನೆಗೆ ಮರಗಟ್ಟಿದಂತಾಗಿ ಯಾವ ಸಂಜ್ಞೆಗೂ ಕಿವಿಗೊಡದಂತಾಗುತ್ತದೆ. ‘ಬಿರುಸುಬಾಯಿಯ ಕುದುರೆ’ ಎಂದು ಜನರು ಅದನ್ನು ಹಳಿಯುತ್ತಾರೆ. ಬಿರುಸುಬಾಯಿಯಿಂದ ಯಾವ ಮರಿಯೂ ಹುಟ್ಟುವದಿಲ್ಲ. ಅದನ್ನು ಹಾಗೆ ಮಾಡಿದ್ದು ಮನುಷ್ಯನ ಕೈ.

ಗತಿಪರಿವರ್ತನೆಯ ಪೂರ್ವಸಿದ್ಧತೆಗೆ ‘ಅರೆತಡೆ’ ಎಂದು ಹೆಸರಿಡೋಣ. ಪಾಠ ಹೇಳುವ ಮುಂಚೆ ಗುರುಗಳು ಮೇಜನ್ನು ಒಮ್ಮೆ ಮೆಲ್ಲಗೆ ತಟ್ಟಿದಂತೆ ಇದು. ಸವಾರನು ಬೆನ್ನನ್ನು ನೆಟ್ಟಗೆ ಮಾಡಿ, ಆಸನವನ್ನು ತುಸು ಆಳವಾಗಿಸಿ, ಎರಡೂ ಕಾಲುಗಳನ್ನು ಮೃದುವಾಗಿ ಒತ್ತಿ, ಹೊರಗಡೆಯ ಕೈಯ ಮುಷ್ಟಿಯನ್ನು ಒಂದು ಹೆಜ್ಜೆಯ ಕಾಲ ಬಿಗಿಹಿಡಿದು ಒಡನೆಯೇ ಸಡಿಲಿಸಬೇಕು. ಜಗ್ಗತಕ್ಕದ್ದಲ್ಲ, ಮುಷ್ಟಿಯನ್ನು ಬಿಗಿಹಿಡಿಯುವದಷ್ಟೇ. ಸಡಿಲಿಸುವದು ಬಿಗಿಹಿಡಿಯುವದಕ್ಕಿಂತಲೂ ಮುಖ್ಯವಾದದ್ದು. ಕುದುರೆಗೆ ಬಹುಮಾನವೆಂದರೆ ಅದೇ. ಒತ್ತಡವು ನಿಂತ ಕ್ಷಣದಲ್ಲಿ ತಾನು ಮಾಡುತ್ತಿದ್ದುದೇ ಸರಿಯೆಂದು ಕುದುರೆಯು ಕಲಿಯುತ್ತದೆ. ತಡಮಾಡಿ ಸಡಿಲಿಸಿದರೆ ತಪ್ಪನ್ನೇ ಕಲಿಸಿದಂತಾಗುತ್ತದೆ.

ಏರುವ ಪರಿವರ್ತನೆಗಳು

ನಡಿಗೆಯಿಂದ ಕುಕ್ಕುಲೋಟಕ್ಕೆ ಏರುವಾಗ ಮೊದಲು ನಡಿಗೆಯು ಚುರುಕಾಗಿರಬೇಕು. ನಿದ್ರೆಗಣ್ಣಿನ ನಡಿಗೆಯಿಂದ ಒಳ್ಳೆಯ ಓಟವು ಹುಟ್ಟಲಾರದು. ಅರೆತಡೆಯ ತರುವಾಯ ಎರಡೂ ಕಾಲುಗಳಿಂದ ಹೊಟ್ಟೆಪಟ್ಟಿಯ ಹತ್ತಿರ ಒಂದೇ ಒಂದು ಸ್ಪಷ್ಟವಾದ ಒತ್ತನ್ನು ಕೊಡಬೇಕು. ಕುದುರೆಯು ಕೇಳದಿದ್ದರೆ ಮತ್ತೆ ಮತ್ತೆ ಒದೆಯತಕ್ಕದ್ದಲ್ಲ. ಎರಡನೆಯ ಸಲ ತುಸು ಗಟ್ಟಿಯಾಗಿ ಒತ್ತಿ, ಮುಂದೆ ಹೋದೊಡನೆ ಸುಮ್ಮನಾಗಿ, ಮತ್ತೆ ನಡಿಗೆಗೆ ತಂದು, ಮೂರನೆಯ ಸಲ ಹಗುರವಾಗಿ ಕೇಳಿ ನೋಡಬೇಕು. ಎಡೆಬಿಡದೆ ಒದೆಸಿಕೊಂಡ ಕುದುರೆಗೆ ಒದೆತವು ಗಡಿಯಾರದ ಟಿಕ್‌ಟಿಕ್ಕಿನಂತೆ ಅರ್ಥವಿಲ್ಲದ್ದಾಗುತ್ತದೆ.

ಕುಕ್ಕುಲೋಟದಿಂದ ಕ್ಯಾಂಟರಿಗೆ ಏರುವದು ಹೆಚ್ಚು ಸೂಕ್ಷ್ಮವಾದದ್ದು. ಇದನ್ನು ವರ್ತುಲದ ಮೇಲೆ ಇಲ್ಲವೆ ಮೂಲೆಯಲ್ಲಿ ಕೇಳುವದು ಸುಲಭ. ಯಾಕೆಂದರೆ ಅಲ್ಲಿ ಕುದುರೆಯ ದೇಹವು ಮೊದಲೇ ಒಳಗಡೆಗೆ ಬಾಗಿರುತ್ತದೆ. ಸವಾರನ ಒಳಗಾಲು ಹೊಟ್ಟೆಪಟ್ಟಿಯ ಹತ್ತಿರವಿರಬೇಕು, ಹೊರಗಾಲು ನಾಲ್ಕು ಬೆರಳು ಹಿಂದೆ ಸರಿಯಬೇಕು. ಇನ್ನು ಸಮಯದ ಪ್ರಶ್ನೆ. ಕ್ಯಾಂಟರಿನ ಮೊದಲನೆಯ ಪೆಟ್ಟು ಹೊರಗಿನ ಹಿಂಗಾಲಿನದೆಂದು ಮೇಲೆ ನೋಡಿದೆವು. ಆದಕಾರಣ ಆ ಕಾಲು ನೆಲಕ್ಕೆ ಇಳಿಯುವ ಮುಂಚೆ ಸಂಜ್ಞೆಯು ಮುಟ್ಟಬೇಕು. ಬೆನ್ನ ಮೇಲೆ ಕುಳಿತವನಿಗೆ ಹಿಂಗಾಲು ಕಾಣುವದಿಲ್ಲ. ಆದರೆ ಕುಕ್ಕುಲೋಟದಲ್ಲಿ ಹೊರಗಿನ ಹಿಂಗಾಲೂ ಒಳಗಿನ ಮುಂಗಾಲೂ ಜೋಡಿಯಾದ್ದರಿಂದ, ಒಳಗಿನ ಭುಜವು ಮುಂದಕ್ಕೆ ಹೋಗುವಾಗ ಹೊರಗಿನ ಹಿಂಗಾಲು ಗಾಳಿಯಲ್ಲಿದೆಯೆಂದು ತಿಳಿಯಬಹುದು. ಆಗಲೇ ಕೇಳಬೇಕು. ಹೀಗೆ ಕೇಳಿದ ಸವಾರನಿಗೆ ಬಲವು ಬೇಕಾಗುವದಿಲ್ಲ. ತಪ್ಪಿದ ಕ್ಷಣದಲ್ಲಿ ಕೇಳಿದವನಿಗೆ ಎಷ್ಟು ಬಲವೂ ಸಾಲದು.

ಇಳಿಯುವ ಪರಿವರ್ತನೆಗಳು

ಏರುವದಕ್ಕಿಂತ ಇಳಿಯುವದೇ ಕಷ್ಟ. ಸುಮ್ಮನೆ ನಿಂತ ಕುದುರೆಯ ಭಾರದಲ್ಲಿ ಸುಮಾರು ನೂರಕ್ಕೆ ೬೦ರಷ್ಟು ಮುಂಗಾಲುಗಳ ಮೇಲೆಯೇ ಇರುತ್ತದೆ. ೫೦೦ ಕಿಲೋಗ್ರಾಂ ತೂಕದ ಕುದುರೆಯನ್ನು ತೆಗೆದುಕೊಂಡರೆ ಮುಂದೆ ೩೦೦, ಹಿಂದೆ ೨೦೦. ಓಡುತ್ತಿರುವಾಗ ಒಮ್ಮೆಲೆ ಲಗಾಮನ್ನು ಜಗ್ಗಿದರೆ, ನಿಂತ ಬಸ್ಸಿನಲ್ಲಿ ನಾವು ಮುಂದಕ್ಕೆ ಮುಗ್ಗರಿಸಿದಂತೆ, ಆ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ. ಮುಂಗಾಲಿನ ಗೊರಸು, ಕೀಲು, ಸ್ನಾಯುರಜ್ಜುಗಳು ಅದನ್ನು ತಾಳಿಕೊಳ್ಳಬೇಕಾಗುತ್ತದೆ. ಸವಾರನಿಗೆ ಇದು ಒಂದು ಕುಲುಕಾಟವೆಂದು ತೋರಬಹುದು; ಕುದುರೆಗೆ ಇದು ಆಯುಷ್ಯದ ಪ್ರಶ್ನೆ. ಕಾಲು ಕೆಟ್ಟ ಕುದುರೆಯ ಗತಿಯೇನಾಗುತ್ತದೆಂಬುದು ಎಲ್ಲರಿಗೂ ತಿಳಿದದ್ದೇ.

ಹೀಗಿರುವದರಿಂದ, ಇಳಿಯುವ ಪರಿವರ್ತನೆಯನ್ನೂ ಮುಂದಕ್ಕೆ ಸಾಗುವ ಕೆಲಸವೆಂದೇ ಭಾವಿಸಬೇಕು. ಎರಡು ಮೂರು ಅರೆತಡೆಗಳಿಂದ ಮೊದಲು ಗತಿಯನ್ನು ಗಿಡ್ಡ ಮಾಡಿ, ಕಾಲುಗಳನ್ನು ಕುದುರೆಯ ಮೈಗೆ ಹೊಂದಿಸಿಯೇ ಇಟ್ಟು, ಆಸನದ ಚಲನವನ್ನು ನಿಲ್ಲಿಸಬೇಕು. ಕಾಲಿನ ಒತ್ತು ಹಿಂಗಾಲುಗಳನ್ನು ಒಳಗೆ ಕರೆಯುತ್ತದೆ. ಮುಚ್ಚಿದ ಮುಷ್ಟಿಯು ಮುಂದಿನ ಬಾಗಿಲನ್ನು ಕ್ಷಣಕಾಲ ಮುಂದೂಡುತ್ತದೆ. ಹೊಸ ಗತಿಯ ಮೊದಲನೆಯ ಹೆಜ್ಜೆಯಲ್ಲಿಯೇ ಕೈ ಸಡಿಲಾಗಿ, ಕುದುರೆಯು ಚುರುಕಾಗಿ ಮುಂದೆ ನಡೆಯಬೇಕು. ಇಳಿದ ಮೇಲಿನ ಮೊದಲ ಮೂರು ಹೆಜ್ಜೆಗಳನ್ನು ನೋಡಿ ಪರೀಕ್ಷಕರು ಪರಿವರ್ತನೆಯ ಗುಣವನ್ನು ಅಳೆಯಬಲ್ಲರು.

ಅಭ್ಯಾಸಕ್ರಮ

ಮೊದಲು ನೆಲದ ಮಾತು. ಧಾರವಾಡದ ಪೂರ್ವಕ್ಕೆ ಎರೆ, ಪಶ್ಚಿಮಕ್ಕೆ ಮಸಾರಿ. ಮಳೆಗಾಲದ ಎರೆಯಲ್ಲಿ ಗೊರಸು ಹೂತು ಜಾರುತ್ತದೆ. ಬೇಸಿಗೆಯಲ್ಲಿ ಅದೇ ಎರೆಯು ಬಿರಿದು ಕಾಲು ಸಿಕ್ಕುವ ಅಂಜಿಕೆಯುಂಟು. ಸಮನಾದ ಮಸಾರಿಯ ಬಯಲು, ಅದರ ಮೇಲೆ ತುಸು ಉಸುಕು ಹರವಿದ್ದರೆ ಉತ್ತಮ. ಡಾಂಬರಿನ ರಸ್ತೆಯ ಮೇಲೆ ಈ ಅಭ್ಯಾಸಗಳನ್ನು ಮಾಡಲೇ ಕೂಡದು. ಪ್ರಾರಂಭದಲ್ಲಿ ೧೦ ನಿಮಿಷ ಸಡಿಲ ಲಗಾಮಿನ ನಡಿಗೆ, ನಡುವೆ ೨೦-೨೫ ನಿಮಿಷ ಅಭ್ಯಾಸ, ಕೊನೆಗೆ ಮತ್ತೆ ೧೦ ನಿಮಿಷ ನಡಿಗೆ. ಇದಕ್ಕಿಂತ ಹೆಚ್ಚು ಬೇಡ.

ಒಂದನೆಯ ಅಭ್ಯಾಸ: ನಡಿಗೆ ಮತ್ತು ನಿಲುಗಡೆ. ೧೦ ಹೆಜ್ಜೆ ನಡೆಯಿಸಿ ನಿಲ್ಲಿಸುವದು. ೪ ಎಣಿಸಿ ಮತ್ತೆ ನಡೆಯಿಸುವದು. ನಿಂತಾಗ ನಾಲ್ಕೂ ಕಾಲುಗಳು ಮಂಚದ ಕಾಲುಗಳಂತೆ ಚೌಕವಾಗಿರಬೇಕು.

ಎರಡನೆಯ ಅಭ್ಯಾಸ: ೨೦ ಮೀಟರ ಅಡ್ಡಳತೆಯ ವರ್ತುಲದ ಮೇಲೆ ನಡಿಗೆ ಮತ್ತು ಕುಕ್ಕುಲೋಟ. ಈ ವರ್ತುಲದ ಸುತ್ತಳತೆ ಸುಮಾರು ೬೩ ಮೀಟರ. ನಾಲ್ಕು ಕಡೆ ನಾಲ್ಕು ಕಲ್ಲುಗಳನ್ನಿಟ್ಟರೆ ಪ್ರತಿ ೧೬ ಮೀಟರಿಗೆ ಒಂದು ಗುರುತು ಬರುತ್ತದೆ. ಮೊದಲು ಸುತ್ತಿಗೆ ಎರಡು ಸಲ, ಆಮೇಲೆ ಪ್ರತಿಯೊಂದು ಗುರುತಿನಲ್ಲಿ ಗತಿಯನ್ನು ಬದಲಿಸಬೇಕು. ಎಡಕ್ಕೆ ಎಷ್ಟು ಸುತ್ತೋ ಬಲಕ್ಕೂ ಅಷ್ಟೇ.

ಮೂರನೆಯ ಅಭ್ಯಾಸ: ಗತಿಯನ್ನು ಬದಲಿಸದೆಯೇ ಅದರೊಳಗಿನ ಪರಿವರ್ತನೆ. ಕುಕ್ಕುಲೋಟದಲ್ಲಿಯೇ ೬ ಹೆಜ್ಜೆಗಳನ್ನು ಗಿಡ್ಡವಾಗಿಯೂ ೬ ಹೆಜ್ಜೆಗಳನ್ನು ನೀಳವಾಗಿಯೂ ಹಾಕಿಸುವದು. ಹೆಜ್ಜೆಯ ಉದ್ದವು ಬದಲಾಗಬೇಕು, ತಾಳವು ಬದಲಾಗಬಾರದು. ಸಂಗೀತವನ್ನು ಬಲ್ಲ ನಮ್ಮ ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲಾಪವು ಹಿಗ್ಗಿದರೂ ಕುಗ್ಗಿದರೂ ತಬಲೆಯ ಲಯವು ಅಲುಗುವದಿಲ್ಲ.

ನಾಲ್ಕನೆಯ ಅಭ್ಯಾಸ: ಕುಕ್ಕುಲೋಟ ಮತ್ತು ಕ್ಯಾಂಟರ್. ಒಂದು ಸುತ್ತು ಕ್ಯಾಂಟರ್, ಒಂದು ಸುತ್ತು ಕುಕ್ಕುಲೋಟ. ಹಿಂದಿನ ಮೂರೂ ಗಟ್ಟಿಯಾದ ಮೇಲೆಯೇ ಇದಕ್ಕೆ ಕೈ ಹಾಕಬೇಕು. ನಡಿಗೆಯಿಂದ ನೇರವಾಗಿ ಕ್ಯಾಂಟರಿಗೆ ಏರುವದು ಇದರ ಮುಂದಿನ ಮೆಟ್ಟಿಲು.

ಪ್ರಗತಿಯನ್ನು ಅಳೆಯಲು ಒಂದು ಸುಲಭವಾದ ಉಪಾಯವಿದೆ. ಸಂಜ್ಞೆಯನ್ನು ಕೊಟ್ಟ ಕ್ಷಣದಿಂದ ಹೊಸ ಗತಿಯು ಬರುವವರೆಗೆ ಎಷ್ಟು ಹೆಜ್ಜೆಗಳಾದವೆಂದು ಎಣಿಸಿ, ದಿನಾಂಕದೊಡನೆ ಒಂದು ವಹಿಯಲ್ಲಿ ಬರೆದಿಡುವದು. ಮೊದಲ ವಾರದಲ್ಲಿ ಆರೇಳು ಹೆಜ್ಜೆಗಳಿದ್ದದ್ದು ಕ್ರಮೇಣ ಎರಡಕ್ಕೆ, ಒಂದಕ್ಕೆ ಬಂದರೆ ಅಭ್ಯಾಸವು ಸರಿಯಾದ ಹಾದಿಯಲ್ಲಿದೆ. ಸಂಖ್ಯೆಯು ಕಡಿಮೆಯಾಗುತ್ತಿದ್ದು ಕುದುರೆಯ ತಲೆಯು ಮೇಲೇಳುತ್ತಿದ್ದರೆ ಮಾತ್ರ ಅದು ಪ್ರಗತಿಯಲ್ಲ, ಬಲವಂತ.

ದೋಷಗಳೂ ಅವುಗಳ ಕಾರಣಗಳೂ

ಕುದುರೆಯು ಕ್ಯಾಂಟರಿಗೆ ಏರುವ ಬದಲು ಕುಕ್ಕುಲೋಟವನ್ನೇ ವೇಗಗೊಳಿಸುತ್ತ ಹೋಗುವದು ಸಾಮಾನ್ಯವಾದ ದೋಷ. ಓಡುತ್ತಿರುವದನ್ನು ಇನ್ನಷ್ಟು ಓಡಿಸಿ ಕ್ಯಾಂಟರಿಗೆ ತಳ್ಳಬಾರದು. ಮರಳಿ ನಿಧಾನದ ಕುಕ್ಕುಲೋಟಕ್ಕೆ ತಂದು, ತೋಲವನ್ನು ಸರಿಪಡಿಸಿ, ಹೊಸದಾಗಿ ಕೇಳಬೇಕು. ತಪ್ಪು ಮುಂದಾಳುಗಾಲಿನಿಂದ ಏರುವದು ಎರಡನೆಯದು. ಬಹುಶಃ ಸವಾರನು ಒಳಗಡೆಗೆ ಬಗ್ಗಿ ಕೆಳಗೆ ನೋಡುತ್ತಿರುತ್ತಾನೆ; ಅವನ ಭಾರದಿಂದ ಒಳಭುಜವು ಕಟ್ಟಿಹಾಕಿದಂತಾಗುತ್ತದೆ. ಕಣ್ಣನ್ನು ಮುಂದಿನ ದಾರಿಯಲ್ಲಿಟ್ಟರೆ ಅರ್ಧ ದೋಷವು ಅಲ್ಲಿಯೇ ಹೋಗುತ್ತದೆ. ತಲೆಯನ್ನು ಮೇಲೆತ್ತಿ ಬೆನ್ನನ್ನು ತಗ್ಗು ಮಾಡುವದು ಮೂರನೆಯದು. ಇದಕ್ಕೆ ಕೈಯ ಒರಟುತನವೋ ಅವಸರವೋ ಕಾರಣ.

ಎಂದೂ ಮಾಡದ ತಪ್ಪನ್ನು ಕುದುರೆಯು ಒಮ್ಮೆಲೆ ಮಾಡತೊಡಗಿದರೆ, ಚಬುಕನ್ನು ಹುಡುಕುವ ಮುಂಚೆ ನೋವನ್ನು ಹುಡುಕಬೇಕು. ಹಲ್ಲಿನ ಅಂಚು ಚೂಪಾಗಿ ಕೆನ್ನೆಯನ್ನು ಕೊರೆಯುತ್ತಿರಬಹುದು. ಜೀನು ಬೆನ್ನನ್ನು ಒತ್ತುತ್ತಿರಬಹುದು. ಲಾಳದ ಮೊಳೆಯು ತಗುಲಿರಬಹುದು. ಮೂಕಪ್ರಾಣಿಗೆ ತನ್ನ ನೋವನ್ನು ಹೇಳಲು ಇರುವದು ತಪ್ಪು ಮಾಡುವ ಒಂದೇ ದಾರಿ. ಪಶುವೈದ್ಯರಿಗೆ ತೋರಿಸದೆ ಶಿಕ್ಷೆ ಕೊಡುವ ಸವಾರನು ಸಾಕ್ಷಿಯನ್ನೇ ಕೇಳದೆ ತೀರ್ಪು ಕೊಟ್ಟ ನ್ಯಾಯಾಧೀಶನಿದ್ದಂತೆ.

ಅಂಗಣದಲ್ಲಿ

ಡ್ರೆಸಾಜಿನ ಚಿಕ್ಕ ಅಂಗಣವು ೨೦ ಮೀಟರ ಅಗಲ, ೪೦ ಮೀಟರ ಉದ್ದ; ದೊಡ್ಡದು ೨೦ಕ್ಕೆ ೬೦. ಚಿಕ್ಕದರ ಅಂಚಿನಲ್ಲಿ ಎ, ಕೆ, ಇ, ಎಚ್, ಸಿ, ಎಮ್, ಬಿ, ಎಫ್ ಎಂಬ ಅಕ್ಷರಗಳ ಫಲಕಗಳಿರುತ್ತವೆ. ‘ಬಿ’ಯಲ್ಲಿ ಕ್ಯಾಂಟರ್ ಎಂದಿದ್ದರೆ, ಸವಾರನ ದೇಹವು ಆ ಅಕ್ಷರಕ್ಕೆ ನೇರವಾಗಿ ಬಂದಾಗಲೇ ಗತಿಯು ಬದಲಾಗಬೇಕು. ಪ್ರತಿಯೊಂದು ಚಲನೆಗೂ ಸೊನ್ನೆಯಿಂದ ೧೦ರವರೆಗೆ ಗುಣಗಳು. ನೋಡುವವರಿಗೆ ಸವಾರನು ಏನೂ ಮಾಡುತ್ತಿಲ್ಲವೆಂದೇ ತೋ‌ರಬೇಕು. ಅಷ್ಟು ಸಣ್ಣ ಸಂಜ್ಞೆಗಳಿಂದ ಅಷ್ಟು ದೊಡ್ಡ ಪ್ರಾಣಿಯು ನಡೆಯುವದೇ ಈ ವಿದ್ಯೆಯ ಪರಮಾವಧಿ.

ನಮ್ಮ ಅವಳಿ ನಗರಗಳಲ್ಲಿ ಟಾಂಗಾಗಳ ಕಾಲವು ಮುಗಿದುಹೋಗಿದೆ. ಹುಬ್ಬಳ್ಳಿಯ ವೃತ್ತದಲ್ಲಿ ಕುದುರೆಯನ್ನೇರಿದ ಕಿತ್ತೂರ ರಾಣಿ ಚೆನ್ನಮ್ಮನ ಪ್ರತಿಮೆಯನ್ನು ನಾವು ದಿನಾಲು ನೋಡುತ್ತೇವೆ. ಆದರೆ ಅವಳ ಕಾಲದ ಜನರಿಗೆ ಅನ್ನದಷ್ಟೇ ಸಹಜವಾಗಿದ್ದ ಸವಾರಿಯ ಪರಿಚಯ ನಮಗಿಲ್ಲ. ಎನ್.ಸಿ.ಸಿ.ಯ ಅಶ್ವದಳದ ವಿಭಾಗದ ಮೂಲಕ ವಿದ್ಯಾರ್ಥಿಗಳಿಗೆ ಈ ವಿದ್ಯೆಯನ್ನು ಕಲಿಯುವ ಅವಕಾಶವುಂಟು. ಅಂಥ ಅವಕಾಶವು ದೊರೆತವರು ಬಿಡಬಾರದು. ದೊರೆಯದವರೂ ಇದರಿಂದ ಒಂದು ಮಾತನ್ನು ಕಲಿಯಬಹುದು. ಮನೆಯಲ್ಲಿ, ಶಾಲೆಯಲ್ಲಿ, ಸಂಘಸಂಸ್ಥೆಗಳಲ್ಲಿ ನಾವು ಇನ್ನೊಬ್ಬರ ನಡೆಯನ್ನು ಬದಲಿಸಹೋಗುವ ಪ್ರಸಂಗಗಳು ಬರುತ್ತವೆ. ಆಗ ಮುನ್ಸೂಚನೆಯನ್ನು ಕೊಡುವದು, ತಕ್ಕ ಸಮಯದಲ್ಲಿ ಕೇಳುವದು, ಒಂದೇ ಸಲ ಸ್ಪಷ್ಟವಾಗಿ ಕೇಳುವದು, ಕೇಳಿದ್ದು ದೊರೆತೊಡನೆ ಕೈ ಸಡಿಲಿಸುವದು, ದೊರೆಯದಿದ್ದರೆ ಎದುರಿನವರ ನೋವೇನೆಂದು ಮೊದಲು ವಿಚಾರಿಸುವದು, ಇವಿಷ್ಟೂ ಲಾಯದಲ್ಲಿ ಸಲ್ಲುವಂತೆ ಲೋಕದಲ್ಲಿಯೂ ಸಲ್ಲುತ್ತವೆ.